ಎರಡು ಗೂಟದ ಗರಗಸ

ಗೋಡೆಯಲ್ಲಿ ಹೊಡೆದಿರುವ ಮರದ ಗೂಟ ಅಲ್ಲಾಡುತ್ತದೆಯೇ ಎಂದು ದಿನಾ ಬೆಳಿಗ್ಗೆ ಮುಟ್ಟಿ ನೋಡುವುದೂ ಒಂದು ಕೆಲಸವೇ ಎಂದು ಯಾರಾದರೂ ನಗಬಹುದು. ನಗಲಿ. ಮದುವೆಯಾಗಿ ಬಂದ ಮನೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಅದೇ ನನ್ನ ಮೊದಲ ಕೆಲಸವಾಗಿತ್ತು. ಒಲೆ ಹಚ್ಚುತ್ತಿದ್ದದ್ದು ಆಮೇಲೆ.

ಹನಗೋಡಿಗೆ ಹತ್ತಿರದ ಆ ಊರಿನಲ್ಲಿ ನಮ್ಮವರದು ಎತ್ತಿನಗಾಡಿ ಮಾಡುವ ಮನೆ. ನಮ್ಮ ಯಜಮಾನರು ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಮನೆಗೆ ಅಂಟಿಕೊಂಡಿದ್ದ ಕೊಟ್ಟಿಗೆಯಲ್ಲೇ ಕೆಲಸ ಮಾಡುತ್ತಿದ್ದರು. ಹೆಸರಿಗೆ ಕೊಟ್ಟಿಗೆ, ದನ ಒಂದೂ ಇರಲಿಲ್ಲ. ಮಣ್ಣಿನ ಗೋಡೆಯ ತುಂಬ ಗೂಟ, ಗೂಟಗಳ ತುಂಬ ಹತ್ಯಾರ. ಉಳಿಗೆ ಉಳಿಯ ಗೂಟ, ಬಾಚಿಗೆ ಬಾಚಿಯ ಗೂಟ. ಅವೆಲ್ಲಕ್ಕಿಂತ ಮೇಲೆ, ಎರಡು ದಪ್ಪ ಗೂಟಗಳ ಮೇಲೆ ಅಡ್ಡಲಾಗಿ, ದಿಮ್ಮಿ ಕೊಯ್ಯುವ ದೊಡ್ಡ ಗರಗಸ ಮಲಗಿರುತ್ತಿತ್ತು. ಅದಕ್ಕೆ ಎರಡು ತುದಿಯಲ್ಲೂ ಹಿಡಿ. ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹಿಡಿದು ಎಳೆದರೆ ಮಾತ್ರ ಅದು ಗರಗಸ. ಒಬ್ಬರೇ ಹಿಡಿದರೆ ಬರೀ ಕಬ್ಬಿಣದ ತಗಡು.

ಅಣ್ಣತಮ್ಮಂದಿರು ಅದನ್ನು ಎಳೆಯುವುದನ್ನು ನಾನು ಬಂದ ಹೊಸದರಲ್ಲಿ ನೋಡಿದ್ದೇನೆ. ಇಬ್ಬರೂ ಮಾತಾಡುತ್ತಿರಲಿಲ್ಲ, ಮಾತು ಬೇಕಾಗಿಯೂ ಇರಲಿಲ್ಲ. ಆಮೇಲೆ ಅವರು ಮಾತು ಬಿಟ್ಟಾಗ ನನಗೆ ಅದೇ ನೆನಪಾಗುತ್ತಿತ್ತು. ಸುಮ್ಮನಿರುವುದರಲ್ಲೂ ಎರಡು ಥರ ಇದೆ ಎಂದು ಆ ಮನೆಯಲ್ಲೇ ನಾನು ಕಲಿತದ್ದು.

ಜಗಳಕ್ಕೆ ಕಾರಣ ಒಂದು ಚಕ್ರ. ಅಣ್ಣತಮ್ಮಂದಿರು ಮಾಡಿಕೊಟ್ಟ ಹೊಸ ಗಾಡಿಯ ಚಕ್ರ ಹುಣಸೂರಿನ ದಾರಿಯಲ್ಲಿ ಕಳಚಿ ಬಿದ್ದು, ಗಾಡಿಯವನು ಅದನ್ನು ತಂದು ನಮ್ಮ ಅಂಗಳದಲ್ಲಿ ಎಸೆದು ಹೋದ. ಚಕ್ರದ ನಡುವಿನ ಗುಂಬ ಭಾವನವರ ಕೆಲಸ. ಅದಕ್ಕೆ ಸುತ್ತಲೂ ಕೂಡಿಸಿದ ಅರೆಗಳು, ಅಂದರೆ ಚಕ್ರದ ಕಡ್ಡಿಗಳು, ನಮ್ಮ ಯಜಮಾನರ ಕೆಲಸ. ಗುಂಬ ಸೀಳಿದ್ದರಿಂದ ಅರೆ ಸಡಿಲವಾಯಿತು ಎಂದು ತಮ್ಮ, ಅರೆ ಸಡಿಲವಿದ್ದದ್ದಕ್ಕೇ ಗುಂಬ ಸೀಳಿತು ಎಂದು ಅಣ್ಣ. ಗಾಡಿಯ ಮಾತು ಮಾಡಿದ ಕೈಯ ಮೇಲೆ ಬಂತು, ಕೈಯ ಮಾತು ಹೆಂಡಿರ ಮೇಲೆ ಬಂತು. ಕೊನೆಗೆ ಊರಿನ ಹಿರಿಯರು ಬಂದು ಕೂತರು.

ಒಲೆ ಬೇರೆಯಾಯಿತು. ಹತ್ಯಾರಗಳು ಹಂಚಿಹೋದವು. ಕೊಟ್ಟಿಗೆಯ ನಡುವೆ ನೆಲದ ಮೇಲೆ ಒಂದು ಗೆರೆ ಎಳೆದು, ಆ ಅರ್ಧ ಅಣ್ಣನದು, ಈ ಅರ್ಧ ತಮ್ಮನದು ಎಂದರು. ಗೋಡೆಯ ಮೇಲೆ ನೋಡಿದರೆ ಗರಗಸದ ಒಂದು ಗೂಟ ಆ ಕಡೆ, ಒಂದು ಗೂಟ ಈ ಕಡೆ. ಇದನ್ನು ಮಾರಿ ಹಂಚಿಕೊಳ್ಳಿ ಎಂದು ಹಿರಿಯರೊಬ್ಬರು ಅಂದದ್ದೇ ತಡ, ನಮ್ಮ ಯಜಮಾನರು ಪಕ್ಕದಲ್ಲಿದ್ದ ಬಾಚಿಯ ಮೇಲೆ ಕೈಯಿಟ್ಟು ಹೇಳಿಬಿಟ್ಟರು.

"ಇರ್ಲಿ ಬುಡಿ ಅಲ್ಲೇ. ಅದು ಗೂಟದಿಂದ ಬಿದ್ದ ದಿವ್ಸ ನನ್ಗೂ ಈ ಮನೆಗೂ ಋಣ ತೀರ್ತು ಅಂದ್ಕಳಿ. ಕೋಟೆ ಕಾಡಿಗೆ, ಕೂಪಿನ ಕೆಲ್ಸಕ್ಕೆ ಒಂಟೋಯ್ತೀನಿ."

ಬೇರೆ ಮನೆಯಾಗಿದ್ದರೆ ಇದು ಸಿಟ್ಟಿನಲ್ಲಿ ಆಡಿದ ಮಾತು, ನಾಲ್ಕು ದಿನಕ್ಕೆ ಮರೆತುಹೋಗುವುದು. ಆದರೆ ಹತ್ಯಾರ ಮುಟ್ಟಿ ಆಡಿದ ಮಾತನ್ನು ಆ ಮನೆಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮುರಿದರೆ ಆ ಕೈಗೆ ಕೆಲಸ ಹತ್ತುವುದಿಲ್ಲ ಎಂದು ಅವರ ನಂಬಿಕೆ. ಭಾವನವರ ಮುಖ ಅಲ್ಲೇ ಸಣ್ಣದಾಯಿತು.

ಕೂಪು ಎಂದರೆ ಕಾಡಿನಲ್ಲಿ ಮರ ಕಡಿಸುವ ಜಾಗ. ಭೇರ್ಯದ ಕಡೆಯ ನನ್ನ ತವರಿನಿಂದ ನಮ್ಮಣ್ಣ ಹಾಗೆಯೇ ಕೋಟೆ ಸೀಮೆಯ ಕಾಡಿನ ಕೂಪಿಗೆ ಹೋಗಿದ್ದ. ವಾಪಸು ಬಂದದ್ದು ಚಳಿಜ್ವರ ಹೊತ್ತುಕೊಂಡು. ಬಿಸಿಲಿನಲ್ಲಿ ಕೂರಿಸಿ ಎರಡು ಕಂಬಳಿ ಹೊದಿಸಿದರೂ ನಡುಗುತ್ತಿದ್ದ. ಹಲ್ಲು ಕಟಕಟ ಅನ್ನುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವನು ಉಳಿಯಲಿಲ್ಲ. ಹಾಗಾಗಿ ನನ್ನ ಪಾಲಿಗೆ ಆ ಗೂಟ ಮರದ ತುಂಡಲ್ಲ, ನನ್ನ ಗಂಡನ ಜೀವ.

ಗಂಡಸರು ಆಣೆ ಇಟ್ಟು ಎದ್ದು ಹೋಗುತ್ತಾರೆ. ಆ ಆಣೆ ಬೀಳದ ಹಾಗೆ ನೋಡಿಕೊಳ್ಳುವ ಕೆಲಸ ಮಾತ್ರ ಹೆಂಗಸಿನದು.

ನಮ್ಮ ಕಡೆಯ ಗೂಟ ಮೊದಲಿನಿಂದಲೂ ಸ್ವಲ್ಪ ಸಡಿಲ. ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವ ಕುಡಿದು ಗೂಟವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಿಸಿಲು ಬಂದರೆ ಗೋಡೆ ಒಣಗಿ ಬಾಯಿ ಬಿಡುತ್ತದೆ, ಗೂಟ ತೂತಿನಲ್ಲಿ ಕುಣಿಯುತ್ತದೆ. ಯಜಮಾನರು ಹೊಳೆಗೆ ಸ್ನಾನಕ್ಕೆ ಹೋದ ಕೂಡಲೇ ನಾನು ಕೊಟ್ಟಿಗೆಗೆ ಓಡುತ್ತಿದ್ದೆ. ಮೊದಲು ಹಳೆ ಸೀರೆಯ ಚಿಂದಿ ತುರುಕಿದೆ. ಅದು ನಿಲ್ಲಲಿಲ್ಲ. ಹೊಂಗೆಯ ಹಸಿ ಕಡ್ಡಿ ಸೀಳಿ ಸಂದಿಗೆ ಹೊಡೆದೆ. ಬಿಗಿಯಾಯಿತು ಎಂದು ಖುಷಿಪಟ್ಟೆ. ಹಸಿ ಕಡ್ಡಿ ಒಣಗಿ ಕುಗ್ಗುತ್ತದೆ ಎಂಬ ಅಕಲು ನನಗೆಲ್ಲಿ? ಸ್ವಲ್ಪ ದಿನಕ್ಕೆ ಗೂಟ ಮೊದಲಿಗಿಂತ ಹೆಚ್ಚು ಅಲ್ಲಾಡತೊಡಗಿತು. ಆಮೇಲೆ ಮಣ್ಣಿಗೆ ಹುಲ್ಲು ಕೊಚ್ಚಿ ಹಾಕಿ, ಸಗಣಿ ಬೆರೆಸಿ, ಸುತ್ತ ಮೆತ್ತತೊಡಗಿದೆ. ಉಗುರಿನ ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಏನದು ಎಂದು ಯಜಮಾನರು ಕೇಳಿದರೆ ಒಲೆ ಸಾರಿಸಿದೆ ಎನ್ನುತ್ತಿದ್ದೆ. ನಿತ್ಯ ಒಲೆ ಸಾರಿಸುವ ಹೆಂಡತಿ ಸಿಕ್ಕಿದ್ದಕ್ಕೆ ಅವರೇನೂ ಹೇಳುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮುಟ್ಟಿ ನೋಡಿದರೆ ಗೂಟ ಕಲ್ಲಿನ ಹಾಗೆ ನಿಂತಿತ್ತು. ನನ್ನ ಮಣ್ಣಿನ ಹದ ಕೊನೆಗೂ ಕುದುರಿತು ಎಂದು ಬೀಗಿದೆ. ಆದರೂ ಮುಟ್ಟಿ ನೋಡುವುದನ್ನು ಬಿಡಲಿಲ್ಲ. ಹೆದರಿಕೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹಾಗಿರುವಾಗ ಊರಿಗೆ ಮಲೇರಿಯಾ ಔಷಧಿ ಹೊಡೆಯುವವರು ಬಂದರು. ಬಕೇಟು, ಪಂಪು ಹಿಡಿದುಕೊಂಡು ಮನೆಮನೆಗೂ ಹೋಗಿ ಒಳಗೋಡೆಗೆಲ್ಲ ಡಿಡಿಟಿ ಹೊಡೆಯುತ್ತಿದ್ದರು. ನಮ್ಮಣ್ಣನನ್ನು ಕೊಂದ ಜ್ವರವನ್ನೇ ಓಡಿಸಲು ಬಂದವರು ಅವರು. ಕೈಮುಗಿಯಬೇಕಾದ ನಾನು ಬಾಗಿಲಿಗೆ ಅಡ್ಡ ನಿಂತೆ. ಏಕೆಂದರೆ ಅವರು ಹೇಳಿದ್ದು, ಗೋಡೆಯ ಮೇಲಿರುವುದನ್ನೆಲ್ಲ ಇಳಿಸಿ ಎಂದು. ಯಜಮಾನರು ಮರ ನೋಡಲು ಹುಣಸೂರಿಗೆ ಹೋಗಿದ್ದರು.

ಉಳಿ ಬಾಚಿಗಳನ್ನೆಲ್ಲ ಇಳಿಸಿದ್ದಾಯಿತು. ಉಳಿದದ್ದು ಗರಗಸ. ಭಾವನವರು ತಮ್ಮ ಕಡೆಯ ಗೂಟದ ಹತ್ತಿರ ಹೋಗಿ ನಿಂತು, ಈ ಕಡೆಯ ಗೂಟ ನೋಡಿದರು. ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದು, ನೇರ ಮಾತಾಡುವುದು ನಮ್ಮಲ್ಲಿ ಇರಲಿಲ್ಲ. ನಾನು ಸೆರಗು ಹೊದ್ದು, ತಲೆ ತಗ್ಗಿಸಿಕೊಂಡು ಹೋಗಿ ಇನ್ನೊಂದು ಹಿಡಿ ಹಿಡಿದೆ. ಇಬ್ಬರೂ ಎತ್ತಿ ಅಂಗಳಕ್ಕೆ ತಂದೆವು.

ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಅಲ್ಲೇ ಗೋಡೆಗೆ ಒರಗಿಸಿ ಎಂದರು. ನಾನು ಬಿಡಲಿಲ್ಲ. ಜಾರಿ ನೆಲಕ್ಕೆ ತಾಗಿದರೆ ಬಿದ್ದಂತೆಯೋ ಅಲ್ಲವೋ ಯಾರಿಗೆ ಗೊತ್ತು? ಕೈ ಸೋಲುತ್ತದೆ, ಇಳಿಸು ಎಂದು ಅಕ್ಕ ಮತ್ತೆ ಹೇಳಿದರು. ನಾನು ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಆ ತುದಿಯಲ್ಲಿ ಭಾವನವರೂ ಬಿಡಲಿಲ್ಲ. ಅವರಿಗೆ ಅರ್ಥವಾಗಿತ್ತು. ಗೋಡೆಗೆ ಔಷಧಿ ಹೊಡೆದು ಮುಗಿಯುವ ತನಕ ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು, ನಡುವೆ ಗರಗಸ ಹಿಡಿದು, ಬಿಸಿಲಿನಲ್ಲಿ ನಿಂತೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ನಾಚಿಕೆಗಿಂತ ತೋಳಿನ ನೋವು ಹೆಚ್ಚಾಗಿತ್ತು. ಭಯ ಅದಕ್ಕಿಂತ ಹೆಚ್ಚಾಗಿತ್ತು.

ಔಷಧಿಯ ನೀರು ಬಿದ್ದು ನಾನು ಮೆತ್ತಿದ್ದ ಮಣ್ಣೆಲ್ಲ ಕರಗಿ ಗೋಡೆಯ ಮೇಲೆ ಇಳಿಯಿತು. ಅಂಗಳದಿಂದಲೇ ಕಾಣುತ್ತಿತ್ತು. ಗೂಟದ ಮಗ್ಗುಲಲ್ಲಿ ಒಂದು ಬೆಣೆ. ನನ್ನ ಹೊಂಗೆ ಕಡ್ಡಿಯಲ್ಲ. ಒಣಗಿದ ಹೊನ್ನೆ ಮರದ, ಓರೆಯಾಗಿ ಸೀಳಿ ಅಚ್ಚುಕಟ್ಟಾಗಿ ಹೊಡೆದ, ಕಸಬುದಾರನ ಬೆಣೆ. ಹೊಡೆದವರು ನನ್ನ ಮಣ್ಣನ್ನೇ ಮತ್ತೆ ಅದರ ಮೇಲೆ ಮೆತ್ತಿ ಮುಚ್ಚಿದ್ದರು ಅಷ್ಟೆ. ಭಾವನವರೇ ಗುಟ್ಟಾಗಿ ಹೊಡೆದಿದ್ದಾರೆ ಎಂದುಕೊಂಡೆ. ನನಗೆ ಅಳು ಬಂತು. ರೂಢಿ ಮೀರಿ, ಗರಗಸಕ್ಕೆ ಹೇಳುವ ಹಾಗೆ ತಲೆ ತಗ್ಗಿಸಿಕೊಂಡೇ, ನಿಮ್ಮಿಂದ ನನ್ನ ಮನೆ ಉಳಿಯಿತು ಎಂದೆ.

ಭಾವನವರು ಕತ್ತು ಚಾಚಿ ಆ ಬೆಣೆಯನ್ನು ನೋಡಿದರು.

"ನಾ ಒಡ್ದಿದ್ದಲ್ಲ ಕಣವ್ವ ಅದು," ಎಂದರು. "ಅವ್ನೇ ಒಡ್ಕಂಡವ್ನೆ. ಬೆಣೆನ ಅಂಗೆ ಓರೆಯಾಗಿ ಸೀಳೋನು ಅವ್ನೊಬ್ನೇಯ."

ಔಷಧಿಯವರು ಹೋದರೂ ಒದ್ದೆ ಗೋಡೆಯ ಗೂಟಕ್ಕೆ ಗರಗಸ ಏರಿಸಲು ಧೈರ್ಯ ಸಾಲದೆ, ಯಜಮಾನರು ಹುಣಸೂರಿನಿಂದ ಬಂದಾಗ ನಾವು ಇನ್ನೂ ಹಾಗೇ ನಿಂತಿದ್ದೆವು. ಅವರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ನನ್ನ ಕೈಯಿಂದ ಹಿಡಿ ತೆಗೆದುಕೊಂಡರು. ಇಬ್ಬರೂ ಒಳಗೆ ಹೋದರು. ಒದ್ದೆ ಗೋಡೆಯಲ್ಲಿ ನಮ್ಮ ಗೂಟ ಒಂಚೂರು ಸರಿದಿತ್ತು. ಭಾವನವರ ಪಾಲಿಗೆ ಬಂದಿದ್ದ ಮರದ ಸುತ್ತಿಗೆ ಗೆರೆಯ ಆಚೆ ಬಿದ್ದಿತ್ತು.

"ಅಣ್ಣಯ್ಯ, ಆ ಕೊಡತಿ ಕೊಡು," ಎಂದರು ನಮ್ಮವರು.

ಭಾವನವರು ಗರಗಸದ ಭಾರವನ್ನೆಲ್ಲ ತೊಡೆಯ ಮೇಲೆ ತಾಳಿಕೊಂಡು, ಬಗ್ಗಿ ಕೊಡತಿ ಎತ್ತಿಕೊಟ್ಟರು. ಬೆಣೆಗೆ ಏಟು ಬಿತ್ತು, ಗರಗಸ ಗೂಟಕ್ಕೇರಿತು, ಕೊಡತಿ ಗೆರೆಯಾಚೆಗೆ ಹೋಯಿತು. ನಾನು ಇನ್ನೊಂದು ಮಾತಿಗಾಗಿ ಬಾಗಿಲಲ್ಲೇ ಕಾದು ನಿಂತೆ. ಬರಲಿಲ್ಲ. ಅವರವರ ಅರ್ಧಕ್ಕೆ ಅವರವರು ಹೋದರು.

ಊಟಕ್ಕೆ ಕೂತಾಗ ನಾನು ತಡೆಯಲಾರದೆ ಜಾಡಿಸಿದೆ. ಇಷ್ಟು ದಿನ ನನ್ನ ಹೊಟ್ಟೆ ಉರಿಸಿ, ನೀವೇ ಹೋಗಿ ಬೆಣೆ ಹೊಡೆದುಕೊಂಡಿರಲ್ಲ, ಒಂದು ಮಾತು ನನಗೆ ಹೇಳಬಾರದಿತ್ತೇ ಎಂದು ಕೇಳಿದೆ. ಅವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಬಿದ್ರೆ ಓಗ್ಬೇಕಾಗಿತ್ತಲ್ಲ ಕಣಮ್ಮಿ," ಎಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇನ್ನಷ್ಟು ಸಾರು ಬಡಿಸಿದೆ. ಆದರೆ ಆಡಿದ ಮಾತು ಆಡಿದ್ದೇ, ಅದರಿಂದ ಅವರಿಗೂ ಬಿಡುಗಡೆ ಇರಲಿಲ್ಲ, ನನಗೂ ಇರಲಿಲ್ಲ. ಒದ್ದೆ ಗೋಡೆ ಒಣಗಿದರೆ ಮತ್ತೆ ಸಂದು ಬಿಡುತ್ತದೆ ಎಂಬ ಚಿಂತೆ ಹೊತ್ತುಕೊಂಡೇ ಮಲಗಿದೆ.

ಬೆಳಿಗ್ಗೆ ಒಂದು ಹಿಡಿ ಮಣ್ಣು ಕಲಸಿಕೊಂಡು ಕೊಟ್ಟಿಗೆಗೆ ಹೋದೆ. ಗೂಟದ ಸುತ್ತ ಆಗಲೇ ಹೊಸ ಮಣ್ಣು ಮೆತ್ತಿತ್ತು, ಬೆರಳಿನ ಗುರುತು ಇನ್ನೂ ಹಸಿಯಾಗಿತ್ತು. ಯಜಮಾನರು ಎದ್ದಿರಲಿಲ್ಲ. ಗೆರೆಯ ಆಚೆ, ನನ್ನ ಕಡೆಗೆ ಬೆನ್ನು ಮಾಡಿಕೊಂಡು, ಭಾವನವರು ಕೈ ತೊಳೆಯುತ್ತಿದ್ದರು.