ಟೇಪು ಹಿಡಿದು ಹಳ್ಳ ಅಳೆದ ಅತ್ತೆ

ಸೊಸೆ ಅತ್ತೆಯನ್ನು ಹೊಗಳಿದರೆ ಅದರಲ್ಲೇನೋ ಸ್ವಾರ್ಥವಿರಬೇಕು ಅನ್ನುವವರಿದ್ದಾರೆ. ಅಂದುಕೊಳ್ಳಲಿ ಬಿಡಿ. ನಮ್ಮತ್ತೆ ಕೋಟು ಹೊಲಿಯುವವರು. ಬೀದಿಯ ತಿರುವಿನಲ್ಲಿ ಅವರದೇ ಅಂಗಡಿ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಯಾವ ಹೆಗಲು ಇಳಿದಿದೆ ಎಂದು ಹೇಳಿಬಿಡುತ್ತಿದ್ದರು. ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಹಾಕಿದವರಲ್ಲ.

ಹೋದ ಚಳಿಗಾಲದಲ್ಲಿ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಹೆಬ್ಬೆರಳು ಮಾತ್ರ ಕೊರಡಾಗಿತ್ತು. ಆದರೂ ಹಟ ಮಾಡಿ ಗಿರಾಕಿಯೊಬ್ಬರ ಉಣ್ಣೆ ಬಟ್ಟೆಗೆ ಕತ್ತರಿ ಇಟ್ಟರು. ಕತ್ತರಿ ಜಾರಿ ಕೋಟಿನ ಬೆನ್ನಿನ ಭಾಗವೇ ಹಾಳಾಯಿತು. ಮನೆಗೆ ಬಂದವರೇ, "ಅಂಗಡಿ ಯಾರಿಗಾದ್ರೂ ಕೊಟ್ಟುಬಿಡೋಣ. ಈ ವಯಸ್ಸಲ್ಲಿ ಮತ್ತೆ ಮೊದಲಿಂದ ಕಲಿಯೋಕೆ ನನ್ನ ಕೈಲಾಗಲ್ಲ" ಎಂದರು. ಕತ್ತರಿ ಬೀರು ಸೇರಿತು. ಕೆಲಸವಿಲ್ಲದ ಅತ್ತೆಯನ್ನು ನಾನು ಕಂಡವಳೇ ಅಲ್ಲ.

ಬೆರಳು ಆಡಿಸಲೆಂದು ವೈದ್ಯರು ರಬ್ಬರ್ ಚೆಂಡು ಕೊಟ್ಟಿದ್ದರು. "ಇದನ್ನ ಹಿಸುಕ್ತಾ ಕೂರೋಕೆ ನಾನೇನು ಕೂಸಾ?" ಎಂದು ಮೂಗು ಮುರಿದರು. ಆಗ ನನ್ನ ಗಂಡ ಟಿವಿಗೆ ಜೋಡಿಸಿಕೊಂಡಿದ್ದ ವಿಡಿಯೋ ಗೇಮನ್ನು ಅವರ ಕೈಗಿಟ್ಟೆ. ಒಂದು ಆಡಿನ ಮರಿ ಬಂಡೆಯಿಂದ ಬಂಡೆಗೆ ಹಾರುತ್ತ ಬೆಟ್ಟದ ತುದಿಯ ಮನೆ ಸೇರಬೇಕು. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಹಾರುತ್ತದೆ, ಒತ್ತಿ ಹಿಡಿದರೆ ಇನ್ನೂ ದೂರ ಹಾರುತ್ತದೆ.

ಮೊದಲ ಹಳ್ಳದ ಮುಂದೆಯೇ ಅತ್ತೆ ನಿಂತುಬಿಟ್ಟರು. ಎದ್ದು ಹೋಗಿ ಟೇಪು ತಂದು, ಟಿವಿಯ ಗಾಜಿನ ಮೇಲಿಟ್ಟು ಹಳ್ಳದ ಅಗಲ ಅಳೆದರು. ಅನುಮಾನ ಬಂದು ಇನ್ನೊಮ್ಮೆ ಅಳೆದರು. ಆಮೇಲೆ ಹಾರಿದರು, ಬಿದ್ದರು. ಅಳತೆ ಸರಿಯಿತ್ತು, ಹೆಬ್ಬೆರಳು ಹೊತ್ತಿಗೆ ಸರಿಯಾಗಿ ಬಗ್ಗಲಿಲ್ಲ.

"ಈ ಗುಂಡಿ ಸರಿ ಇಲ್ಲ ಕಣೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅತ್ತೆ."

"ಬಾಯಿ ಮುಚ್ಚು. ಇನ್ನೊಂದ್ಸಲ ಆಡ್ತೀನಿ."

ಆ ಇನ್ನೊಂದು ಸಲಕ್ಕೆ ಕೊನೆಯೇ ಇರಲಿಲ್ಲ. ಈ ಆಟ ರೂಪಿಸಿದ ಪುಣ್ಯಾತ್ಮರು ಯಾರೋ, ಅವರ ಕೈ ತಣ್ಣಗಿರಲಿ. ಹಿಮದಲ್ಲಿ ಕಾಲು ಜಾರುತ್ತದೆ. ಅದು ರೂಢಿಯಾಗುವಷ್ಟರಲ್ಲಿ ನೀರಿನೊಳಗೆ ಈಜಬೇಕು. ಅದೂ ಬಂತು ಅನ್ನುವಾಗ, ಗಾಳಿ ಬೀಸಿದಾಗಷ್ಟೇ ಹಾರಬೇಕಾದ ಕಣಿವೆ. ಬೇಸರ ಹತ್ತಿರ ಸುಳಿಯುವುದಿಲ್ಲ. ಕಷ್ಟವೂ ಅಡುಗೆಗೆ ಉಪ್ಪು ಬಿದ್ದಷ್ಟೇ. ಅಲ್ಲಲ್ಲಿ ದೀಪದ ಕಂಬಗಳಿವೆ, ಮರಿ ಮುಟ್ಟಿದರೆ ದೀಪ ಹೊತ್ತುತ್ತದೆ. ಮುಂದೆ ಎಲ್ಲಿ ಬಿದ್ದರೂ ಮತ್ತೆ ಏಳುವುದು ಆ ದೀಪದ ಬಳಿ, ಬೆಟ್ಟದ ಬುಡದಲ್ಲಲ್ಲ.

"ಬಿದ್ರೂ ಬೈಯಲ್ಲ, ಮೊದಲಿಂದ ಬಾ ಅನ್ನಲ್ಲ. ಒಳ್ಳೇ ಜನ ಕಣೆ ಇದನ್ನ ಮಾಡಿದೋರು" ಎಂದು ಅತ್ತೆ ಒಂದು ದಿನ ಹೇಳಿದರು. ಆಗ ಅವರ ಹೆಬ್ಬೆರಳು ಗುಂಡಿಯ ಮೇಲೆ ಸಲೀಸಾಗಿ ಬಗ್ಗುತ್ತಿತ್ತು. ನಾನು ನೋಡಿಯೂ ನೋಡದವಳಂತಿದ್ದೆ. ಬಾಯಿಬಿಟ್ಟರೆ ಎಲ್ಲಿ ಆಡುವುದನ್ನೇ ನಿಲ್ಲಿಸುತ್ತಾರೋ ಎಂಬ ಭಯ.

ಮರಿ ಮನೆ ಸೇರಿದ ಮಾರನೆಯ ದಿನ, ಸಂಜೆ ಅಂಗಡಿ ನೋಡಲು ಪಕ್ಕದ ಬೀದಿಯ ದರ್ಜಿ ಬರುವವರಿದ್ದರು. ಬೆಳಿಗ್ಗೆ ಅತ್ತೆ ಬೀರು ತೆರೆದು ಕತ್ತರಿ ತೆಗೆದರು. ನಾನು ನನ್ನ ಕೋಟಿಗೆಂದು ತಂದಿಟ್ಟಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದರು. ಬೆನ್ನು ಕತ್ತರಿಸಿದರು, ತೋಳು ಕತ್ತರಿಸಿದರು. ಕಾಲರಿನ ತಿರುವಿಗೆ ಬಂದಾಗ ಕತ್ತರಿ ಜಾರಿತು.

ಅತ್ತೆ ಹಾಳಾದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

"ಜೇಬಿಗಾಗತ್ತೆ. ಬೆನ್ನು, ತೋಳಿನವರೆಗೆ ದೀಪ ಹೊತ್ತಿದೆ. ಕಾಲರ್ ಒಂದೇ ತಾನೆ, ಇನ್ನೊಂದ್ಸಲ. ಆ ದರ್ಜಿಗೆ ಬರೋದು ಬೇಡ ಅಂತ ಹೇಳಿಬಿಡು."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಟೇಪು ಕೈಗೆತ್ತಿಕೊಂಡರು.

"ಅಳೋದಾದ್ರೆ ಆಮೇಲೆ ಅಳುವಂತೆ. ಈಗ ನೆಟ್ಟಗೆ ನಿಲ್ಲು, ಕುತ್ತಿಗೆ ಅಳೀಬೇಕು."