ಚಕ್ರತಾಳ ಬಾರದ ಸ್ಪೀಕರು

ನನ್ನ ಗಂಡ ಶಾಂತಾರಾಮರಿಗೆ ಒಂದು ಕಡೆ ಕೂರುವುದೆಂದರೆ ಆಗದು. ಅಮೆರಿಕದ ಈ ರಾಕ್‌ವಿಲ್‌ನ ಲ್ಯಾಬಿನಲ್ಲಿ ದಿನವಿಡೀ ಔಷಧಿ ಪರೀಕ್ಷೆ ಮಾಡಿ ಬರುತ್ತಾರೆ. ಶೂ ಬಿಚ್ಚುವ ಮೊದಲೇ ಕಾಲು ತಾಳ ಹಾಕುತ್ತಿರುತ್ತದೆ. ಪುತ್ತೂರಿನ ಕಡೆಯವರು, ಹುಡುಗನಾಗಿದ್ದಾಗಲೇ ಗೆಜ್ಜೆ ಕಟ್ಟಿದವರು. ಕೊರೊನಾ ಇಳಿದ ಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ ಭಾನುವಾರ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸಲು ಶುರು ಮಾಡಿದರು. ಭಾಗವತರು, ಚೆಂಡೆಯವರು ಇಲ್ಲಿ ಎಲ್ಲಿಂದ ಬರಬೇಕು? ಹಾಡು, ತಾಳ ಎಲ್ಲವೂ ಕಂಪ್ಯೂಟರಿನಿಂದಲೇ.

ಊರಿನಲ್ಲಿ ಚೆಂಡೆ ಬಾರಿಸಿದರೆ ಆಚೆ ಗುಡ್ಡಕ್ಕೆ ಕೇಳಬೇಕು. ಆ ನ್ಯಾಯವನ್ನೇ ಈ ಮನುಷ್ಯ ಮೇಜಿನ ಮೇಲಿನ ಅಂಗೈಯಗಲದ ಸ್ಪೀಕರಿಗೂ ಹಚ್ಚಿದರು. ಕಂಪ್ಯೂಟರಿನಲ್ಲಿ ವಾಲ್ಯೂಮ್ ಪೂರ್ತಿ, ವಿಡಿಯೋದಲ್ಲಿ ಪೂರ್ತಿ, ಸ್ಪೀಕರಿನ ತಿರುಗಣೆಯೂ ಪೂರ್ತಿ. ಮೊದಲ ಜೊತೆ ಗರಗರ ಎಂದು ಸತ್ತಿತು. ಎರಡನೆಯದರ ಒಳಗಿನ ಪೊರೆ ಹರಿದು, ಪೆಟ್ಟು ಬಿದ್ದಾಗಲೆಲ್ಲ ಹಪ್ಪಳ ಮುರಿದ ಸದ್ದು. ಮೂರನೆಯದು ಬಂತು.

"ಇದರಲ್ಲೂ ಚಕ್ರತಾಳ ಬರುದಿಲ್ಲ ಮಾರಾಯ್ತಿ," ಎಂದರು. ಚಕ್ರತಾಳವೆಂದರೆ ಚೆಂಡೆಯ ಜೊತೆ ಝಣಝಣ ಎನ್ನುವ ಕಂಚಿನ ಜೋಡಿ ತಾಳ. ನನಗೆ ಅದು ಮೇಲಿನ ಅಡುಗೆಮನೆಗೂ ಕೇಳುತ್ತಿತ್ತು.

"ಬರ್ತದೆ. ನಿಮ್ಮ ಕಿವಿ ತೋರಿಸಿ ಒಮ್ಮೆ."

"ನನ್ನ ಕಿವಿಗೆ ಎಂತದೂ ಆಗ್ಲಿಲ್ಲ."

"ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ," ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಅವರು ಸ್ಪೀಕರಿನ ತಂತಿ ಕಿತ್ತು, ಮತ್ತೆ ಸಿಕ್ಕಿಸಿ, ಮತ್ತೆ ಕಿತ್ತರು. ಆಮೇಲೆ ಮೆಲ್ಲಗೆ, "ತಾಳ ಕೇಳದ ಗುರುವಿನ ಹತ್ರ ಯಾರು ಮಕ್ಕಳನ್ನು ಕಳಿಸ್ತಾರೆ ಕುಸುಮಾ?" ಎಂದರು.

ಆ ಕ್ಲಾಸು ನಿಂತರೆ ಇವರು ಏನಾಗುತ್ತಾರೆಂದು ನನಗಲ್ಲದೆ ಯಾರಿಗೆ ಗೊತ್ತು? ವಾರವಿಡೀ ಭಾನುವಾರಕ್ಕಾಗಿಯೇ ಉಸಿರಾಡುವ ಜೀವ ಅದು.

ಸೆಂಟರ್‌ವಿಲ್‌ನಲ್ಲಿ ಯುಗಾದಿ ಕಾರ್ಯಕ್ರಮ ಹತ್ತಿರ ಬಂದಿತ್ತು, ಮಕ್ಕಳದು ಯಕ್ಷಗಾನದ ಮೊದಲಿಗೆ ಬರುವ ಬಾಲಗೋಪಾಲರ ಕುಣಿತ. ಕೊನೆಯ ಅಭ್ಯಾಸದ ದಿನ ಅವರು ಮೆಟ್ಟಿಲ ಬುಡ, ಮೇಜಿನ ಹತ್ತಿರ, ಮತ್ತೆ ಮೆಟ್ಟಿಲ ಬುಡ ಎಂದು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದರು. ಪ್ರತಿ ಸುತ್ತಿಗೂ ತಿರುಗಣೆಗೆ ಕೈ ಹೋಗುತ್ತಿತ್ತು.

"ಅಂಕಲ್, ತುಂಬಾ ಲೌಡ್ ಇದೆ," ಎಂದಳು ನಿಧಿ, ಗುಂಪಿನಲ್ಲೇ ಚಿಕ್ಕವಳು. ಉಳಿದವರು ಕಿವಿ ಮುಚ್ಚಿಕೊಂಡಿದ್ದರು.

"ಲೌಡ್ ಅಲ್ಲ ಪುಟ್ಟಾ, ತಾಳವೇ ಇಲ್ಲ," ಎಂದು ಇನ್ನಷ್ಟು ತಿರುಗಿಸಿದರು.

ಟಪ್ ಎಂದಿತು. ಮೂರನೆಯದೂ ಹೋಯಿತು.

ನನಗೆ ರೇಗಿತು. ನನ್ನ ಫೋನಿನಲ್ಲಿ ಅದೇ ಹಾಡು ಹಾಕಿ ಮೆಟ್ಟಿಲ ಮೇಲಿಟ್ಟೆ. ಹಾಡು ಸಣ್ಣಗೆ ಬರುತ್ತಿತ್ತು, ಮಕ್ಕಳಿಗೆ ಅಷ್ಟೇ ಸಾಕಾಯಿತು, ಕುಣಿಯತೊಡಗಿದರು. ಇವರು ನಿಂತಲ್ಲೇ ನಿಂತರು. ಎಲ್ಲ ಕಾಲುಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಬೀಳುತ್ತಿದ್ದವು, ಒಂದೂ ತಪ್ಪುತ್ತಿರಲಿಲ್ಲ. ಇವರು ಫೋನನ್ನೊಮ್ಮೆ, ಕಾಲುಗಳನ್ನೊಮ್ಮೆ ನೋಡಿದರು.

"ಈಗ ತಾಳ ಬರ್ತಾ ಉಂಟಾ?" ಎಂದು ನಿಧಿಯನ್ನು ಕೇಳಿದರು.

"ಹೂಂ ಅಂಕಲ್. ಯಾವಾಗ್ಲೂ ಬರುತ್ತೆ."

ನಾನು ಹಾಡು ನಿಲ್ಲಿಸಲು ಹೋದೆ. ಅವರು ಬೇಡವೆಂದು ಕೈ ತೋರಿಸಿದರು. ಮುಖ ಕಪ್ಪಿಟ್ಟಿತ್ತು. ಕಾರ್ಪೆಟ್ಟಿನ ಮೇಲೆ, ಮಕ್ಕಳ ಕಾಲುಗಳ ಎದುರೇ ಚಕ್ಕಳಮಕ್ಕಳ ಹಾಕಿ ಕುಳಿತರು.

"ನನಗೆ ಕೇಳುದಿಲ್ಲ ಮಕ್ಕಳೇ," ಎಂದರು. "ಡಾಕ್ಟರಿಗೆ ತೋರಿಸ್ತೇನೆ. ಇವತ್ತು ನೀವು ಕುಣೀರಿ, ನಿಮ್ಮ ಕಾಲು ನೋಡಿ ನಾನು ತಾಳ ಹಿಡೀತೇನೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಮಕ್ಕಳು ಮುಖ ಮುಖ ನೋಡಿಕೊಂಡು ಮೊದಲಿಂದ ಶುರು ಮಾಡಿದರು. ಇವರು ತೊಡೆಯ ಮೇಲೆ ಬೆರಳು ಬಡಿಯುತ್ತಾ ಹೋದರು. ನಡುವೆ ಒಂದು ಪೆಟ್ಟು ಹಿಂದೆ ಬಿದ್ದರು. ನಿಧಿ ಎತ್ತಿದ ಕಾಲನ್ನು ಹಾಗೇ ಹಿಡಿದು, ಅವರ ಕೈ ಬೀಳುವವರೆಗೆ ಕಾದಳು.