ಶಾಂಭವಿ ಟೀಚರ ಭಾನುವಾರಗಳು

ಕೊಟ್ಟೂರಿನ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಶಾಂಭವಿಗೆ ಶನಿವಾರ ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿಹೋಗುತ್ತಿತ್ತು. ಭಾನುವಾರ ಒಂದು ದಿನ ಯಾರೊಡನೆಯೂ ಮಾತಾಡದೆ ಬಿದ್ದುಕೊಳ್ಳಬೇಕು ಅನ್ನುವುದಷ್ಟೇ ಐವತ್ತರ ಹೊಸ್ತಿಲಲ್ಲಿದ್ದ ಆಕೆಯ ಆಸೆ. ಆ ಭಾನುವಾರವನ್ನೂ ಪಾಲಾಕ್ಷಪ್ಪ ಬಂದು ಕೇಳಿದ.

ಪಾಲಾಕ್ಷಪ್ಪ ಉಜ್ಜಿನಿ ಕಡೆಯ ಕುರಿಗಾರ. ವರ್ಷದಲ್ಲಿ ಅರ್ಧ ಊರಿನಲ್ಲಿ, ಅರ್ಧ ಕುರಿಗಳ ಹಿಂದೆ. ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಟ್ಟುಹೋಗಲು ಮನಸ್ಸು ಬಾರದೆ, ಶಾಲೆ ಬಿಡಿಸಿ ತಾನೇ ಪಾಠ ಹೇಳಿದವನು. ಕನ್ನಡ, ಲೆಕ್ಕ, ಸಮಾಜ ಎಲ್ಲವೂ ಕುರಿಹಟ್ಟಿಯ ಪಕ್ಕದಲ್ಲೇ ಆದವು. ಈಗ ಮಗಳು ರೋಜಾಗೆ ಹದಿನೆಂಟು, ಮಗ ಬೀರಲಿಂಗೇಶನಿಗೆ ಇಪ್ಪತ್ತು. ಇಬ್ಬರನ್ನೂ ಹೊರಗಿನಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಬೇಕೆಂದರೆ ಇಂಗ್ಲಿಷ್ ಅಡ್ಡ ಬಂದಿತ್ತು.

“ಉಳಿದದ್ದೆಲ್ಲ ನಾನ ಹೇಳಿಕೊಟ್ಟೀನ್ರಿ ಮೇಡಂ. ಈ ಗ್ರಾಮರ್ ಒಂದು ದಕ್ಕವಲ್ಲದು. ಇಲ್ಲ ಅನ್ನಬ್ಯಾಡ್ರಿ.”

ಇಲ್ಲ ಅನ್ನುವುದಕ್ಕೂ ಶಕ್ತಿ ಬೇಕು. ಶಾಂಭವಿಗೆ ಅದೂ ಇರಲಿಲ್ಲ.

ಆಷಾಢ ಕಳೆದ ಮೇಲೆ ಅಣ್ಣ ತಂಗಿ ವಾರವಾರ ಬಂದು ಆಕೆಯ ಪಡಸಾಲೆಯಲ್ಲಿ ಕೂತರು. ಶಾಲೆಯ ಮಕ್ಕಳು ನಿಯಮವನ್ನು ಗುಳಿಗೆಯ ಹಾಗೆ ನುಂಗುತ್ತಿದ್ದವು. ಇವರು ಅಗಿದು ನೋಡುವವರು. “ಐ ಗೋ ಅಂತೀವಿ, ಹೀ ಗೋಸ್ ಅಂತೀವಿ. ಅವಗೊಬ್ಬಗ ಯಾಕ್ರಿ ಆ ಬಾಲ?” ಎಂದು ಬೀರಲಿಂಗೇಶ ಕೇಳಿದ. “ಅದು ಹಂಗ ಐತಿ, ಕಲ್ಕೋ” ಅಂದಳು ಶಾಂಭವಿ. ಇಷ್ಟು ವರ್ಷ ತರಗತಿಗಳನ್ನು ಸುಮ್ಮನಾಗಿಸಿದ ಆ ಉತ್ತರ ಇಲ್ಲಿ ನಡೆಯಲಿಲ್ಲ. ಹುಡುಗ ತಲೆಯಾಡಿಸಿದ, ಮುಖ ಮಾತ್ರ ಬಾಡಿತು. ಹೀಗಾಗಿ ಶನಿವಾರ ಸಂಜೆ ಆಕೆ ತಾನೇ ಓದಿಕೊಂಡು ಕೂರುವಂತಾಯಿತು. ದಣಿವಿಗೆ ಮತ್ತೊಂದು ಸಂಜೆ ಸೇರಿತು.

ಹೇಗೋ ಕ್ರಿಯಾಪದದ ಕಾಲಗಳೆಲ್ಲ ಮುಗಿದವು. ಒಬ್ಬರ ಮಾತನ್ನು ಇನ್ನೊಬ್ಬರು ವರದಿ ಮಾಡುವ ವಾಕ್ಯಗಳಿಗೆ ಬಂದು ಬಂಡಿ ಹೂತುಕೊಂಡಿತು. ‘ಟುಡೇ’ ಇದ್ದದ್ದು ‘ದಟ್ ಡೇ’ ಆಗುತ್ತದೆ, ‘ಹಿಯರ್’ ಇದ್ದದ್ದು ‘ದೇರ್’ ಆಗುತ್ತದೆ ಎಂದರೆ ಇಬ್ಬರೂ ಒಪ್ಪಲೊಲ್ಲರು. ಅಷ್ಟರಲ್ಲಿ ಭತ್ತದ ಕೊಯ್ಲು ಬಂತು, ಕುರಿಗಳು ಹೊಳೆದಂಡೆಗೆ ಹೊರಟವು, ಅವರೂ ಹೋದರು. ಶಾಂಭವಿ ಎರಡು ಭಾನುವಾರ ಕಣ್ತುಂಬ ನಿದ್ದೆ ಮಾಡಿದಳು. ಮೂರನೆಯದಕ್ಕೆ ಪಾಲಾಕ್ಷಪ್ಪನ ಫೋನು.

“ಮೈಲಾರದ ಹತ್ರ ಗದ್ಯಾಗ ಅದೀವ್ರಿ. ಒಂದ್ಸಲ ಬಂದು ಹೋಗಾಕ ಆಗ್ತೈತೇನ್ರಿ?”

ಆಗುವುದಿಲ್ಲ ಅನ್ನಲೆಂದೇ ಬಾಯಿ ತೆರೆದಳು. “ನೋಡ್ತೀನಿ” ಎಂದು ಬಂತು. ಮುಂದಿನ ಭಾನುವಾರ ಹಡಗಲಿಯಲ್ಲಿ ಬಸ್ಸು ಬದಲಿಸಿ, ಕಿಟಕಿಗೆ ತಲೆಯಾನಿಸಿ, ತನ್ನನ್ನೇ ಬೈದುಕೊಳ್ಳುತ್ತ ಹೋದಳು. ಮೈಲಾರದಲ್ಲಿ ಬೀರಲಿಂಗೇಶ ಬೈಕು ತಂದು ನಿಂತಿದ್ದ.

ಕೊಯ್ದ ಗದ್ದೆಯಲ್ಲಿ ಬಲೆ ಕಟ್ಟಿ ಮರಿಗಳನ್ನು ಕೂಡಿಹಾಕಿದ್ದರು. ಪಾಲಾಕ್ಷಪ್ಪನ ತಾಯಿ ಭರಮಮ್ಮ ಕಂಬಳಿ ಹಾಸಿಕೊಟ್ಟು, ತಾನೂ ನರಳುತ್ತ ಕೂತಳು. “ಇವತ್ತು ನನಗ ಇಲ್ಲಿ ಕುಂದ್ರಾಕ ಆಗವಲ್ಲದವ್ವಾ, ಸೊಂಟ ಮುರದಂಗ ಆಗೈತಿ.”

ಶಾಂಭವಿಗೆ ಬೇರೆ ಉದಾಹರಣೆ ಹುಡುಕುವ ಚೈತನ್ಯವಿರಲಿಲ್ಲ. “ಅದನ್ನ ವರದಿ ಮಾಡಿ ಬರಿ” ಅಂದಳು ರೋಜಾಗೆ. ರೋಜಾ ಇಂಗ್ಲಿಷಿನಲ್ಲಿ ಬರೆದು ಓದಿದಳು. ಅಜ್ಜಿ ಅರ್ಥ ಕೇಳಿದಾಗ ಪುಸ್ತಕದ ಕನ್ನಡದಲ್ಲಿ ಹೇಳಿದಳು: “ಆ ದಿನ ತನಗೆ ಅಲ್ಲಿ ಕೂರಲಾಗುವುದಿಲ್ಲ ಎಂದು ಅಜ್ಜಿ ಹೇಳಿದಳು.”

ಭರಮಮ್ಮ ಕೆರಳಿದಳು. “ಯಾವುದಲೇ ಆ ದಿನ? ಎಲ್ಲಿ ಅಲ್ಲಿ? ನಾನು ಇಲ್ಲೇ ಅದೀನಿ! ಸತ್ತೋರ ಸುದ್ದಿ ಹೇಳಿದಂಗ ಹೇಳ್ತೀಯಲ್ಲ!”

ಶಾಂಭವಿಗೆ ನಗು ಬಂತು. ಕಟ್ಟಿದ ಗಂಟಲಲ್ಲಿ ಕೆಮ್ಮಾಗಿ, ಕಣ್ಣಲ್ಲಿ ನೀರಾಗಿ ಬಂತು. ರೋಜಾ ನೀರು ಕೊಟ್ಟಳು. ಬೀರಲಿಂಗೇಶ ಮಾತ್ರ ನಗದೆ ಯೋಚಿಸುತ್ತಿದ್ದ.

“ಅಜ್ಜೀ, ನಾಳೆ ಈ ಗದ್ದಿ ಬಿಟ್ಟು ಮುಂದ ಹೋಗ್ತೀವಲ್ಲ, ಅಲ್ಲಿ ಕುಂತು ಈ ಮಾತು ಹೇಳಿದರ ‘ಇಲ್ಲಿ’ ಅನ್ನೋದು ‘ಅಲ್ಲಿ’ ಆಗ್ತೈತಿ, ಇವತ್ತು ‘ಅವತ್ತು’ ಆಗ್ತೈತಿ” ಎಂದು ಅಜ್ಜಿಗೆ ಹೇಳಿ, ಶಾಂಭವಿಯ ಕಡೆ ತಿರುಗಿದ. “ಹೌದಲ್ರಿ?”

“ಹೌದಪ್ಪ. ಅಷ್ಟ.”

ಆಮೇಲೆ ಪಾಠ ಸರಾಗವಾಗಿ ನಡೆಯಿತು. ಭರಮಮ್ಮ ಮಾತ್ರ ಪ್ರತಿ ವಾಕ್ಯಕ್ಕೂ “ನಾ ಹಂಗ ಅಂದಿಲ್ಲ” ಅನ್ನುತ್ತಿದ್ದಳು. ರೊಟ್ಟಿ ತಿಂದು, ಮರಿಗಳ ವಾಸನೆಯ ನಡುವೆ ಕಂಬಳಿಯ ಮೇಲೆ ಶಾಂಭವಿ ಅರೆಗಳಿಗೆ ಎಂದು ಕಣ್ಣುಮುಚ್ಚಿದಳು. ಯಾರೂ ಎಬ್ಬಿಸಲಿಲ್ಲ. ಎದ್ದಾಗ ಹೊತ್ತು ಇಳಿದಿತ್ತು, ಬಸ್ಸು ತಪ್ಪಿತ್ತು. ಹಡಗಲಿಯ ತನಕ ಪಾಲಾಕ್ಷಪ್ಪನೇ ಬಿಟ್ಟುಬಂದ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ರೋಜಾ ಪಾಸು. ಬೀರಲಿಂಗೇಶ ಇಂಗ್ಲಿಷಿನಲ್ಲೇ ಫೇಲಾದ. ಉತ್ತರ ಗೊತ್ತಿತ್ತಂತೆ, ಅದು ಹಾಗೆ ಯಾಕೆ ಎಂದು ಯೋಚಿಸುತ್ತ ಕೂತು ಹೊತ್ತು ಹೋಯಿತಂತೆ. ಫೋನಿನಲ್ಲಿ ಅವನೇ ಹೇಳಿದ. “ಮತ್ತ ಪರೀಕ್ಷೆ ಕಟ್ಟತೀನ್ರಿ ಮೇಡಂ. ಈ ಭಾನುವಾರ ಬರಲೇನ್ರಿ?”

ಶಾಂಭವಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ಮೈಯೆಲ್ಲ ಭಾರವಾಯಿತಷ್ಟೆ.

“ಈ ವಾರ ಬ್ಯಾಡಪ್ಪ, ನಾನು ಮಲಗಬೇಕು” ಅಂದಳು. “ಮುಂದಿನ ವಾರ ಬಾ.”